ಕೆಫೆಯಲ್ಲಿ ಎರಡನೇ ಸಲ ಕೇಳಿದ ಚಟ್ನಿ

ಸೂರತ್ತಿನ ಆ ಕೆಫೆಯ ಗೋಡೆಗಳು ನೇರಳೆಯೋ ಕಪ್ಪೋ ಎಂದು ಕೇಳಿದರೆ ನಾನು ಪ್ರಮಾಣ ಮಾಡಿ ಹೇಳಲಾರೆ. ನೇರಳೆ ಎಂದು ನನ್ನ ನೆನಪು. ಆದರೆ ನನ್ನ ನೆನಪಿನ ಮೇಲೆ ನನಗೇ ಅಂಥ ಗೌರವವಿಲ್ಲ. ಮದುವೆಯ ದಿನ ರೇಷ್ಮೆ ಪಂಚೆ ಉಟ್ಟಿದ್ದೆನೆಂದು ಹತ್ತು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದವನು ನಾನು. ಫೋಟೋದಲ್ಲಿ ನೋಡಿದರೆ ಪ್ಯಾಂಟು. ವಿಶ್ವವಿದ್ಯಾಲಯದಲ್ಲಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ, ಎಲ್ಲದಕ್ಕೂ ಸಾಕ್ಷ್ಯ ಕೇಳುವುದು. ಬೇರೆಯವರನ್ನು ಕೇಳುವಾಗ ಅದು ಸುಖ; ನಮ್ಮನ್ನೇ ಕೇಳಿಕೊಂಡರೆ ಕಿರಿಕಿರಿ.

ಅದು ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ನಾನು ವಡೋದರಾದ ಒಂದು ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದೆ. ನನ್ನ ಹೆಂಡತಿಯ ತಮ್ಮ ಸದಾನಂದನಿಗೆ ಸೂರತ್ತಿನ ಉಧ್ನಾದಲ್ಲಿ ಉಡುಪಿ ಹೋಟೆಲು. ಗಿರಾಕಿಗಳ ಬಾಯಿಗೆ ಹೊಂದಲೆಂದು ಸಾಂಬಾರಿಗೆ ಬೆಲ್ಲ ಸುರಿದದ್ದು ಬಿಟ್ಟರೆ ಅವನು ಬೇರೆ ಯಾವ ಪಾಪವನ್ನೂ ಮಾಡಿದವನಲ್ಲ. ಒಂದು ದಿನ ಅವನ ಫೋನು ಬಂತು. ಕಟ್ಟಡದ ಮಾಲೀಕ ಬಾಬುಭಾಯಿ ಹೊಸ ಆಸೆ ಹುಟ್ಟಿಸಿದ್ದರು: ಹೋಟೆಲನ್ನು ಪಾಪ್ ಸಂಗೀತದ ಕೆಫೆ ಮಾಡೋಣ, ಖರ್ಚೆಲ್ಲ ನನ್ನದು, ದೋಸೆ ಕಾವಲಿ ಮಾತ್ರ ಕಿತ್ತುಹಾಕು. ಭಾನುವಾರದೊಳಗೆ ಉತ್ತರ ಬೇಕಂತೆ.

"ಹದಿನಾರು ವರ್ಷದ ಹೋಟೆಲು ಭಾವ. ಹಿಂದೆ ಮುಂದೆ ನೋಡದೆ ಮುಚ್ಲಿಕ್ಕೆ ಆಗ್ತದಾ? ಅಂಥದೊಂದು ಕೆಫೆ ಇಲ್ಲಿ ಆಗಿದೆ. ನೀವು ಓದಿದವರು, ಬಂದು ನೋಡಿ ಹೇಳಿ."

ಓದಿದವರು ಎಂದರೆ ನಾನು ಯಾವ ಊರಿಗಾದರೂ ರೈಲು ಹತ್ತುತ್ತೇನೆ.

ಕೆಫೆಯ ಒಳಗೆ ಗೋಡೆಗೆಲ್ಲ ಗಿಟಾರುಗಳು, ಗ್ರಾಮಫೋನ್ ತಟ್ಟೆಗಳು. ಸದಾನಂದ ಅವನ್ನು ನೋಡಲೇ ಇಲ್ಲ. ಹೋಟೆಲಿನವರು ಬೇರೆ ಹೋಟೆಲಿಗೆ ಹೋದರೆ ಮೊದಲು ಕೈ ತೊಳೆಯುವ ಜಾಗಕ್ಕೆ ಹೋಗುತ್ತಾರೆ. ಹೋಗಿ ಬಂದು, "ಬೇಸಿನ್ ಕ್ಲೀನ್ ಉಂಟು" ಎಂದು ವರದಿ ಒಪ್ಪಿಸಿ, ಅಡಿಗೆಮನೆಯ ಬಾಗಿಲು ಕಾಣುವ ಕುರ್ಚಿಯಲ್ಲಿ ಕೂತ. ಸ್ಯಾಂಡ್‌ವಿಚ್ ಬಂದಾಗ ಮೇಲಿನ ಬ್ರೆಡ್ಡನ್ನು, ಮೆಕ್ಯಾನಿಕ್ ಕಾರಿನ ಬಾನೆಟ್ ಎತ್ತುವ ಹಾಗೆ ಎತ್ತಿ ಒಳಗೆ ಬಗ್ಗಿ ನೋಡಿದ.

"ಒಂದು ಟೊಮೆಟೊದಲ್ಲಿ ಇಡೀ ದಿನ ಕಳೀತಾರೆ ಭಾವ ಇವರು!"

ಕಾಫಿಯ ಮೇಲೆ ಕೆನೆಯ ಗುಡ್ಡವಿತ್ತು. "ಇದರಲ್ಲಿ ಕಾಫಿ ಎಲ್ಲಿ ಉಂಟು?" ಎಂದು ಕೇಳಿದ. ಅಡಿಯಲ್ಲಿ ಇರಬಹುದು ಎಂದೆ. ಅವನ ಹೋಟೆಲಿನಲ್ಲಿ ನಾಲ್ಕು ಜನ ಹೊಟ್ಟೆ ತುಂಬ ಉಣ್ಣುವ ದುಡ್ಡಿಗೆ ಇಲ್ಲಿ ನಮ್ಮಿಬ್ಬರ ಹಸಿವು ಇನ್ನೂ ಜಾಸ್ತಿಯಾಯಿತು. ಹಸಿರು ಚಟ್ನಿ ಮಾತ್ರ ಚೆನ್ನಾಗಿತ್ತು. ಕುಂಕುಮದ ಭರಣಿಯಷ್ಟು ಬಟ್ಟಲು, ಎರಡು ತುತ್ತಿಗೆ ಖಾಲಿ. ಸದಾನಂದ ನಮ್ಮ ಕಡೆಯ ಹೋಟೆಲುಗಳ ರೂಢಿಯಂತೆ ಖಾಲಿ ಬಟ್ಟಲನ್ನು ಮಾತಿಲ್ಲದೆ ಎತ್ತಿ ತೋರಿಸಿದ. ವೇಟರು ಇನ್ನೊಂದು ಬಟ್ಟಲು ತಂದಿಟ್ಟು, "ಅಂಕಲ್, ಎಕ್ಸ್‌ಟ್ರಾ ಚಟ್ನಿ ಕಾ ಅಲಗ್ ಚಾರ್ಜ್ ಹೈ" ಎಂದ.

"ಚಟ್ನಿಗೆ ಬೇರೆ ದುಡ್ಡಾ ಭಾವ?"

ಯಾರೋ ಹತ್ತಿರದವರು ತೀರಿಕೊಂಡ ಸುದ್ದಿ ಕೇಳಿದವನ ದನಿ. ಇದನ್ನು ಸಣ್ಣ ವಿಷಯವೆಂದು ಕಡೆಗಣಿಸಿ ನಾನು ನನ್ನ ತೀರ್ಪು ಶುರುಮಾಡಿದೆ. ಅಷ್ಟರಲ್ಲಿ ಹಾಡು ಜೋರಾಯಿತು, ನಾನೂ ಜೋರಾದೆ. ರುಚಿಗೆ ಹತ್ತರಲ್ಲಿ ಮೂರು ಅಂಕ, ಬೆಲೆಗೆ ಸೊನ್ನೆ, ಯುವಜನರ ಚಂಚಲ ಮನಸ್ಸು, ಎರವಲು ಸಂಸ್ಕೃತಿಯ ಆಯುಷ್ಯ, ಹೀಗೆ ಅರ್ಧ ಗಂಟೆ. ಸದಾನಂದ ಮುಟ್ಟದೆ ಬಿಟ್ಟ ಚಟ್ನಿಯನ್ನು ನೋಡುತ್ತ ತಲೆಯಾಡಿಸುತ್ತಿದ್ದ. ಭಾನುವಾರ ಬಾಬುಭಾಯಿಗೆ ಆಗುವುದಿಲ್ಲ ಎಂದು ಹೇಳಿಬಿಟ್ಟ. ಅವರು ಎರಡು ದಿನ ಮುಖ ಊದಿಸಿಕೊಂಡಿದ್ದು, ಮೂರನೇ ದಿನ ಇಡ್ಲಿಗೆ ಬಂದರಂತೆ.

ನನ್ನ ಓದಿನಿಂದ ಒಬ್ಬರಿಗಾದರೂ ಉಪಕಾರವಾಯಿತು ಎಂದು ಎರಡು ವರ್ಷ ಈ ಕಥೆಯನ್ನು ಸಿಕ್ಕವರಿಗೆಲ್ಲ ಹೇಳಿದೆ. ಸೂರತ್ತಿನಲ್ಲೇ ಒಂದು ನಾಮಕರಣದ ಊಟದಲ್ಲಿ ಹೇಳುತ್ತಿದ್ದಾಗ, ಪಾಯಸ ಬಡಿಸುತ್ತಿದ್ದ ಸದಾನಂದ ಸಂಕೋಚದಿಂದ ಬಗ್ಗಿದ.

"ನೀವು ಎಂತದೋ ಮಾತಾಡ್ತಾ ಇದ್ದೀರಿ ಅಂತ ಗೊತ್ತಿತ್ತು ಭಾವ. ಒಂದಕ್ಷರ ಕೇಳ್ಲಿಲ್ಲ. ಚಟ್ನಿಗೆ ದುಡ್ಡು ಕೇಳುವ ಕೆಲಸ ನನ್ನಿಂದ ಆಗುದಿಲ್ಲ ಅಂತ ಅಲ್ಲೇ ತೀರ್ಮಾನ ಆಗಿತ್ತು. ಇನ್ನು ಸ್ವಲ್ಪ ಪಾಯಸ?"

ಅವನ ನೆನಪೇ ತಪ್ಪಿರಬೇಕು ಎಂದುಕೊಂಡೆ. ಸಾಕ್ಷ್ಯ ಬೇಕಲ್ಲ! ಮರುದಿನವೇ ಹೆಂಡತಿಯನ್ನು ಕರೆದುಕೊಂಡು ಆ ಕೆಫೆಗೆ ಹೋದೆ. ಅವಳನ್ನು ನಾನು ಕೂತಿದ್ದ ಕಡೆ ಕೂರಿಸಿ, ನಾನು ಸದಾನಂದನ ಕುರ್ಚಿಯಲ್ಲಿ ಕೂತು, ಹಾಡು ಜೋರಾದಾಗ ಏನಾದರೂ ಮಾತಾಡು ಎಂದು ಮೊದಲೇ ಹೇಳಿಟ್ಟೆ. ನನ್ನ ನೆತ್ತಿಯ ಮೇಲೆ ಸರಿಯಾಗಿ ದೊಡ್ಡ ಸ್ಪೀಕರು. ಅವಳು ಕಾಲು ಗಂಟೆ ಮಾತಾಡಿದಳು. ಬೆರಳು ಮಡಿಸಿ ಲೆಕ್ಕ ಕೊಟ್ಟಳು, ಒಮ್ಮೆ ಕಣ್ಣೂ ಒರೆಸಿಕೊಂಡಳು. ನಾನು ತಲೆಯಾಡಿಸುತ್ತಲೇ ಇದ್ದೆ.

ಹೊರಗೆ ಬಂದ ಮೇಲೆ ಅವಳ ಮುಖ ಅರಳಿತ್ತು. "ನೀವು ಇಷ್ಟು ಸುಲಭಕ್ಕೆ ಒಪ್ತೀರಿ ಅಂತ ನಾನು ಎಣಿಸಿರ್ಲಿಲ್ಲ ಮಾರಾಯ್ರೆ" ಎಂದಳು.

ಏನನ್ನು ಒಪ್ಪಿದೆನೆಂದು ಕೇಳುವ ಧೈರ್ಯ ಇಂದಿಗೂ ಬಂದಿಲ್ಲ. ಆದರೆ ಒಂದು ಸಂಗತಿಯನ್ನಂತೂ ಸ್ವತಃ ಪರೀಕ್ಷಿಸಿ ಖಚಿತಪಡಿಸಿಕೊಂಡಿದ್ದೇನೆ: ಆ ಕುರ್ಚಿಯಲ್ಲಿ ಕೂತವನಿಗೆ ಎದುರಿನವರ ಮಾತು ಒಂದಕ್ಷರವೂ ಕೇಳಿಸುವುದಿಲ್ಲ.