ಪೊಟ್ಟಣದ ಮೇಲಿನ ಜೋರುಬಾಯಿ

ನನ್ನ ಅತ್ತೆ ಅಂಗಡಿಗೆ ಹೋಗುವುದು ಸಾಮಾನು ತರಲಿಕ್ಕೆ ಅಂತ ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪಲ್ಲ. ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ. ಅವಳು ಹೋಗುವುದು ಜಗಳಕ್ಕೆ! ಅದೂ ಅಂಗಡಿಯವರ ಸಂಗಡ ಅಲ್ಲ, ಪೊಟ್ಟಣಗಳ ಸಂಗಡ.

ಅತ್ತೆ ಅಂದರೆ ಅಪ್ಪನ ಅಕ್ಕ. ಅಮ್ಮ ಬೇಗ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಓದಿಸಿ, ಕುಮಟೆಯ ಶಾಲೆಯೊಂದರಲ್ಲಿ ಟೀಚರ್ ಆಗುವ ತನಕ ಎಳೆದು ತಂದವಳು. ಹೊನ್ನಾವರದ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ಓದಿದ್ದು ನಾಲ್ಕನೇ ಇಯತ್ತೆ. ಆ ಓದನ್ನೆಲ್ಲ ಅವಳು ಪೊಟ್ಟಣಗಳ ಮೇಲೆ ಖರ್ಚು ಮಾಡುತ್ತಾಳೆ. ಮೊದಲು ಹೆಸರು, ಆಮೇಲೆ ತೂಕ, ತಯಾರಿಸಿದ ದಿನ, ಕೊನೆಗೆ ಚಿತ್ರ. ಚಿತ್ರಕ್ಕೆ ಬಂದಳೆಂದರೆ ಹಿಂದೆ ನಿಂತ ಗಿರಾಕಿಗಳು ಮನೆಗೆ ಹೋಗಿ ಊಟ ಮುಗಿಸಿ ಬರಬಹುದು!

ಚಹಾಪುಡಿ ಪೊಟ್ಟಣದ ಮೇಲೆ ಎಲೆ ಕೀಳುತ್ತಾ ಹಲ್ಲು ಕಿರಿದ ಹೆಂಗಸನ್ನು ನೋಡಿ ಒಮ್ಮೆ ಕೇಳಿದಳು: "ಬಿಸಿಲಲ್ಲಿ ಬೆನ್ನು ಬಗ್ಗಿಸಿಕೊಂಡು ಇಷ್ಟು ನಗ್ತಾಳಲ್ಲ, ಇವಳಿಗೆ ಎಂತ ಆಗಿದೆ? ಆಸ್ಪತ್ರೆಗೆ ತೋರಿಸಿದ್ರಾ?"

ಇನ್ನೊಮ್ಮೆ ಒಂದು ಚಾಕಲೇಟು ಸಿಕ್ಕಿತು. ಅದರ ಮೇಲೆ ಆಫ್ರಿಕಾದವನಂತೆ ಬರೆದ ಒಂದು ಮುಖ. ಡಾಂಬರಿನ ಬಣ್ಣ, ಅರ್ಧ ಮುಖ ತುಟಿ, ಉಳಿದರ್ಧ ಕಣ್ಣು.

"ಇವ ಯಾರು?"

"ಯಾರೂ ಅಲ್ಲ ಅತ್ತೆ. ಚಾಕಲೇಟು ಕಪ್ಪಲ್ವಾ, ಅದಕ್ಕೆ ಹಾಕಿದ್ದಾರೆ."

"ಹೌದಾ? ಹಾಗಾದ್ರೆ ಉಪ್ಪಿನ ಪೊಟ್ಟಣದ ಮೇಲೆ ಬಿಳಿ ದೊರೆಯ ಮುಖ ಎಂತಕ್ಕೆ ಹಾಕ್ಲಿಲ್ಲ?"

ಬಿ.ಎಡ್. ಮಾಡಿದ ನಾನು ಉಪ್ಪಿನ ಪೊಟ್ಟಣ ಹುಡುಕಿ ತಿರುಗಿಸಿ ನೋಡಿದೆ. ಅಂಗಡಿಯ ಸಾಯ್ಬರಿಗೆ ಮಾತ್ರ ಬಹಳ ಖುಷಿಯಾಯಿತು. ಭಟ್ಕಳದವರು, ತೂಕದ ಮನುಷ್ಯ. ಬಿರಿಯಾನಿ ಮಸಾಲೆಯ ಡಬ್ಬಿಯೊಂದನ್ನು ಇಳಿಸಿ ತೋರಿಸಿದರು. "ಇದನ್ನೂ ನೋಡಿ ಅಕ್ಕ. ನಮ್ಮವರು ಅಂದ್ರೆ ತಲೆಗೆ ಪೇಟ, ಕೈಯಲ್ಲಿ ಕತ್ತಿ! ನಮ್ಮನೇಲಿ ಬಿರಿಯಾನಿ ಮಾಡುವುದು ನನ್ನ ಹೆಂಡತಿ. ನೈಟಿ ಹಾಕಿಕೊಂಡು, ಫೋನಲ್ಲಿ ತಂಗಿ ಹತ್ತಿರ ಮಾತಾಡ್ತಾ."

ಇಬ್ಬರೂ ಸೇರಿ ಆ ದಿನ ಅರ್ಧ ಅಂಗಡಿಯನ್ನು ವಿಚಾರಣೆ ಮಾಡಿದರು. ನಾನು ಸಕ್ಕರೆ ತರಲಿಕ್ಕೆ ಹೋದವಳು ಸಕ್ಕರೆ ಮರೆತು ಬಂದೆ.

ಇಷ್ಟರ ತನಕ ಎಲ್ಲ ತಮಾಷೆಯೇ. ಆಮೇಲೆ 'ಜೋರುಬಾಯಿ' ಬಂದಳು.

ಕುಮಟೆಯಲ್ಲಿ ಯಾರೋ ಹೊಸದಾಗಿ ಶುರುಮಾಡಿದ ಮೀನು ಮಸಾಲೆ ಅದು. ಹೆಸರೇ 'ಜೋರುಬಾಯಿ ಮೀನು ಮಸಾಲೆ'. ಪೊಟ್ಟಣದ ಮೇಲೆ ಮೀನು ಮಾರುವ ಹೆಂಗಸು. ಬಾಣಲೆಯ ತಳದಂಥ ಮುಖ, ಊದಿದ ತುಟಿ, ಕೆಂಪು ಕಣ್ಣು, ಸೊಂಟದ ಮೇಲೆ ಕೈ, ಕಿರುನಾಲಗೆ ಕಾಣುವಷ್ಟು ತೆರೆದ ಬಾಯಿ. ಕೆಳಗೆ 'ಬೈದ ಹಾಗೆ ಖಾರ!' ಅಂತ ಬರೆದಿತ್ತು.

ನಾನು ನಕ್ಕೆ. ಸುಳ್ಳು ಹೇಳುವುದಿಲ್ಲ, ಮೊದಲು ನಕ್ಕವಳು ನಾನೇ. ಪೊಟ್ಟಣ ಹಿಡಿದು ಮಾರ್ಕೆಟ್ಟಿಗೇ ಹೋದೆ. "ಅತ್ತೆ, ನಿನ್ನ ಫೋಟೋ ಬಂದಿದೆ!"

ಸಾಲಿನಲ್ಲಿ ಕೂತ ಹೆಂಗಸರೆಲ್ಲ ನಕ್ಕರು. ಅತ್ತೆ ಕೈ ಒರೆಸಿಕೊಂಡು ಕನ್ನಡಕ ಹಾಕಿದಳು. ಹೆಸರು ಓದಿದಳು. ತೂಕ ಓದಿದಳು. ಚಿತ್ರ ನೋಡಿದಳು. ಜಗಳ ಶುರುವಾಗುತ್ತದೆ ಅಂತ ಎಲ್ಲರೂ ಕಾದರೆ, ಅವಳು ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದಳು! ಪಕ್ಕದವಳು, "ಬಿಡೆ, ನಮ್ಮಂಥವರ ಚಿತ್ರ ಹಾಕಿದ್ದೇ ದೊಡ್ಡದು" ಅಂದಳು.

"ನಮ್ಮ ಚಿತ್ರ ಎಲ್ಲಿದೆ ಇದರಲ್ಲಿ? ನೀನು ಹೀಗಿದ್ದೀಯಾ?" ಅಂದಳು ಅತ್ತೆ.

ಪಕ್ಕದವಳ ನಗೆ ನಿಂತಿತು.

ಮನೆಗೆ ಬಂದ ಮೇಲೆ ಅವಳನ್ನು ಸಮಾಧಾನ ಮಾಡಲಿಕ್ಕೆ ಮೊಬೈಲ್ ತೆಗೆದು ತೋರಿಸಿದೆ. ಹೊರದೇಶದಲ್ಲಿಯೂ ಕರಿಯ ಅಡುಗೆಯವರ ಚಿತ್ರ ಹಾಕಿದ ಪೊಟ್ಟಣಗಳ ಬಗ್ಗೆ ದೊಡ್ಡ ಗಲಾಟೆಯಾಗಿ, ಕೆಲವು ಕಂಪನಿಗಳು ಚಿತ್ರವನ್ನೇ ತೆಗೆದು ಹಾಕಿವೆ, ಹಾಗೆ ತೆಗೆಯಬಾರದಿತ್ತು ಅನ್ನುವವರೂ ಇದ್ದಾರೆ, ಇನ್ನೂ ವಾದ ನಡೆದಿದೆ ಅಂತೆಲ್ಲ ಹೇಳಿದೆ. ಅತ್ತೆ ಎಲ್ಲ ಕೇಳಿ, "ಸಮುದ್ರದ ಆಚೆಯವರಿಗೆ ತಿಳೀತು, ಕುಮಟೆಯವನಿಗೆ ತಿಳೀಲಿಲ್ವಾ? ನಾಳೆ ನಿನ್ನ ಸಂಗಡ ನಾನೂ ಬರ್ತೆ" ಅಂದಳು.

ಬಂದಳು! ಮರುದಿನ ಶಾಲೆ ಬಿಟ್ಟ ಮೇಲೆ ಇಬ್ಬರೂ ಮಸಾಲೆಯವನ ಆಫೀಸು ಹುಡುಕಿದೆವು. ಮಾಲೀಕ ಮೂವತ್ತರ ಆಸುಪಾಸಿನವನು, ಬಹಳ ಮರ್ಯಾದಸ್ಥ. ಕೂರಿಸಿ ಕೋಕಂ ಶರಬತ್ತು ಕೊಟ್ಟ. ನಮ್ಮ ಕೆಲಸ ಕೆಟ್ಟಿತು ಅಂದುಕೊಂಡೆ. ಶರಬತ್ತು ಕುಡಿದು ಜಗಳ ಮಾಡುವುದು ಹೇಗೆ? ಅತ್ತೆ ಲೋಟ ಖಾಲಿ ಮಾಡಿಯೇ ಶುರುಮಾಡಿದಳು.

"ತಮಾ, ಇದು ಯಾರು?"

"ಅಮ್ಮಾ, ಅದು ಪ್ರೀತಿಯಿಂದ ಬರೆಸಿದ್ದು. ತಮಾಷೆಗೆ. ಕಪ್ಪು ಅಂದ್ರೆ ಕೀಳು ಅಂತ ನೀವೇ ತಿಳ್ಕೊಂಡ್ರೆ ಹೇಗೆ?"

ಭಲೇ ಅನ್ನಿಸಿತು ನನಗೆ. ಒಳ್ಳೆಯ ವಾದ!

"ಕಪ್ಪು ನನ್ನ ಬಣ್ಣ. ಅದರ ಸಂಗಡ ನನಗೆ ಜಗಳ ಇಲ್ಲ" ಅಂದಳು ಅತ್ತೆ. "ಈ ತುಟಿ ಯಾರದ್ದು? ಈ ಕಣ್ಣು ಯಾರದ್ದು? ಆತು, ಅದು ಬಿಡು. ಈ ಮಸಾಲೆ ಅರೀಲಿಕ್ಕೆ ನಿಂಗೆ ಕಲಿಸಿದ್ದು ಯಾರು?"

"ನಮ್ಮಮ್ಮ."

"ಹಾಗಾದ್ರೆ ಅವರ ಚಿತ್ರ ಹಾಕು. ಹೀಗೇ ಬರೆಸು. ಇದೇ ಬಾಯಿ, ಇದೇ ಕಣ್ಣು. ಪ್ರೀತಿಯಿಂದ್ಲೇ."

ಅವನು ಮೇಜಿನ ಮೇಲಿದ್ದ ಪೊಟ್ಟಣವನ್ನು ಮೆಲ್ಲಗೆ ಮಗುಚಿ ಇಟ್ಟ.

ಎರಡು ತಿಂಗಳಲ್ಲಿ ಹೊಸ ಪೊಟ್ಟಣ ಬಂತು. ಗೆದ್ದೆವು ಅಂತ ನೋಡಿದರೆ, ಅದರ ಮೇಲೆ ಹಾಲಿನಲ್ಲಿ ಅದ್ದಿ ತೆಗೆದಂಥ ಹುಡುಗಿ! ಲಿಪ್‌ಸ್ಟಿಕ್, ರೇಷ್ಮೆ ಸೀರೆ, ಕಂಕುಳಲ್ಲಿ ಪುಟ್ಟ ಬುಟ್ಟಿ, ಕೈಯಲ್ಲಿ ಒಂದು ಬಂಗಡೆ ಮೀನು. ಮತ್ತೆ ಕುಮಟೆ!

"ಮೊದಲಿನವಳು ಎಲ್ಲಿ ಹೋದಳು?"

"ತೆಗೆದೆ ಅಮ್ಮಾ. ನೀವೇ ಹೇಳಿದ್ರಲ್ಲ."

"ಅವಳನ್ನು ಸರಿ ಮಾಡು ಅಂದೆ. ಊರು ಬಿಡಿಸು ಅಂದೆನಾ? ಇವಳು ಬಂಗಡೆ ಹಿಡಿದಿದ್ದು ನೋಡು, ಮೊಬೈಲ್ ಹಿಡಿದ ಹಾಗೆ! ಮಾರ್ಕೆಟ್ಟಿನಲ್ಲಿ ಒಂದು ತಾಸು ಕೂತ್ರೆ ಇವಳನ್ನೇ ಯಾರಾದ್ರೂ ಚೌಕಾಸಿ ಮಾಡಿ ಕೊಂಡುಹೋಗ್ತಾರೆ."

ಪಾಪ, ಅವನು ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡ. "ಕಪ್ಪು ಹಾಕಿದ್ರೂ ತಪ್ಪು, ಬೆಳ್ಳಗೆ ಹಾಕಿದ್ರೂ ತಪ್ಪು! ಎಂತ ಹಾಕ್ಲಿ ಹೇಳಿ?"

"ಮೀನು ಮಸಾಲೆ ಅಲ್ದಾ? ಮೀನು ಹಾಕು!"

ಇಷ್ಟು ಸುಲಭದ ಉತ್ತರ ಅವನಿಗೂ ಹೊಳೆದಿರಲಿಲ್ಲ, ನನಗೂ ಹೊಳೆದಿರಲಿಲ್ಲ.

ಕೆಲವು ವಾರ ಕಳೆದು ಅವನೇ ಫೋನ್ ಮಾಡಿದ. "ಟೀಚರೇ, ಪ್ರಿಂಟಿಗೆ ಕೊಡುವ ಮೊದಲು ನಿಮ್ಮ ಅತ್ತೆಗೆ ಒಮ್ಮೆ ತೋರಿಸ್ಬೇಕಿತ್ತು. ಆಮೇಲೆ ನನ್ನಿಂದ ಆಗೂದಿಲ್ಲ!"

ಹೋದೆವು. ಚಿತ್ರದಲ್ಲಿ ಮೀನೇನೋ ಇತ್ತು. ಅತ್ತೆ ಕನ್ನಡಕ ಏರಿಸಿ, ಇಳಿಸಿ, "ಇದು ಬಂಗಡೆಯಾ? ಇದು ಯಾವುದೋ ಕೆರೆಯಲ್ಲಿ ಬೆಳೆದದ್ದು" ಅಂದಳು. ಚಿತ್ರದವನನ್ನು ಕರೆಸಿ, ಬೆನ್ನಿನ ಗೆರೆ ಎಲ್ಲಿ, ಬಾಲ ಹೇಗೆ ಅಂತ ಎರಡು ತಾಸು ಪಾಠ ಮಾಡಿದಳು. ನನ್ನ ಒಂದು ವಾರದ ಪಾಠಕ್ಕಿಂತ ಅದು ಚೆನ್ನಾಗಿತ್ತು! ಹೆಸರಿನಿಂದ 'ಜೋರುಬಾಯಿ' ಬಿಟ್ಟುಹೋಯಿತು, 'ಬೈದ ಹಾಗೆ ಖಾರ'ವೂ ಹೋಯಿತು. ಮಾಲೀಕನ ತಾಯಿ ಒಳಗಿನಿಂದ ಬಂದು ಅತ್ತೆಯ ಪಕ್ಕದಲ್ಲೇ ಕೂತರು. ಹುಳಿ ಎಷ್ಟು, ಕೊತ್ತಂಬರಿ ಎಷ್ಟು ಅಂತ ಅವರಿಬ್ಬರ ಮಾತು ಮುಗಿಯುವುದರೊಳಗೆ ನಮ್ಮ ಎರಡು ಬಸ್ಸು ತಪ್ಪಿದವು.

ಮೂರನೇ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅತ್ತೆ ಕಿಟಕಿ ಪಕ್ಕ ಕೂತು ಗೆದ್ದ ಖುಷಿಯಲ್ಲಿ ಎಲೆ ಅಡಿಕೆ ಹಾಕಿದ್ದಳು. ಇಷ್ಟು ವರ್ಷ ಗಂಟಲಲ್ಲೇ ಇದ್ದ ಮಾತು ಯಾಕೋ ಆಗ ಹೊರಗೆ ಬಂತು.

"ಅತ್ತೆ, ನಾನು ಎಂಟನೇ ಇಯತ್ತೆಯಲ್ಲಿದ್ದಾಗ ನೀನು ತಲೆ ಮೇಲೆ ಬುಟ್ಟಿ ಹೊತ್ತುಕೊಂಡೇ ನನಗೆ ಕೊಡೆ ಕೊಡಲಿಕ್ಕೆ ಶಾಲೆ ಗೇಟಿಗೆ ಬಂದಿದ್ದೆ. ಅದು ಯಾರು ಅಂತ ಹುಡುಗಿಯರು ಕೇಳಿದರು. 'ನಮ್ಮ ಕೇರಿಗೆ ಮೀನು ತರುವ ಹೆಂಗಸು' ಅಂದೆ. ನಿಂಗೆ ಕೇಳಿತ್ತಾ?"

"ಕೇಳಿತ್ತು."

"ಮನೆಗೆ ಬಂದ ಮೇಲೆ ಒಂದು ಮಾತೂ ಬೈಲಿಲ್ಲ."

ಅತ್ತೆ ಎಲೆ ಅಡಿಕೆಯನ್ನು ಕಿಟಕಿಯ ಹೊರಗೆ ಉಗಿದಳು.

"ನಿಂಗೆ ಎಂತಕ್ಕೆ ಬೈಲಿ, ಮಗಾ? ಹದಿಮೂರು ವರ್ಷದ ಹುಡುಗಿಗೆ ಆ ನಾಚಿಕೆ ತಾನಾಗಿ ಬತ್ತದಾ? ಯಾರೋ ಕಲಿಸಿರ್ತಾರೆ. ಅವರು ಎಲ್ಲಾದ್ರೂ ಸಿಕ್ತಾರಾ ಅಂತ ನೋಡ್ತಾ ಇದ್ದೆ, ಅಷ್ಟೇ."

ನನಗೆ ಬಸ್ಸಿನಲ್ಲೇ ಅಳು ಬಂತು. ಅತ್ತೆ ನಾಲ್ಕೂ ಕಡೆ ನೋಡಿ, ಸೆರಗಿನ ತುದಿಯನ್ನು ನನ್ನ ಕೈಗೆ ತುರುಕಿದಳು.

"ಮೂಗು ಒರೆಸ್ಕೊ. ಮುಂದಿನ ಸೀಟಲ್ಲಿ ನಿನ್ನ ಶಾಲೆಯ ಮಕ್ಕಳಿದ್ದಾರೆ."

ಇದ್ದರು. ಇಬ್ಬರು ಹುಡುಗಿಯರು ತಿರುಗಿ ನೋಡುತ್ತಿದ್ದರು. ಅವರಲ್ಲಿ ಒಬ್ಬಳು, "ಟೀಚರ್, ಇವರು ಯಾರು?" ಅಂದಳು.

"ನನ್ನ ಅಮ್ಮ" ಅಂದೆ.