ಹಿತ್ತಲಿನ ಕಂಟ್ರೋಲರ್

ನಮ್ಮ ಕಾಕಾನಿಗೆ ಆಕಾಶದಲ್ಲಿ ಓಡಾಡುವ ಗಾಡಿಗಳೆಲ್ಲ ಗೊತ್ತು. ಯಾವುದು ಎಷ್ಟು ಗಂಟೆಗೆ ಬರುತ್ತದೆ, ಯಾವ ಊರಿನ ಕಡೆಯಿಂದ ಬಂದು ಯಾವ ಊರಿನ ಕಡೆ ಹೋಗುತ್ತದೆ, ಎಲ್ಲಾ ಬಾಯಿಪಾಠ. ಗೊತ್ತಿಲ್ಲದ್ದು ಒಂದೇ, ತಮ್ಮ ಚಪ್ಪಲಿ ಎಲ್ಲಿ ಬಿಟ್ಟಿದ್ದಾರೆ ಎನ್ನುವುದು!

ಗಾಡಿ ಎಂದರೆ ವಿಮಾನ ಎಂದುಕೊಂಡಿರಾ? ಛೇ! ವಿಮಾನವನ್ನು ಅವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಾನು ಹೇಳುತ್ತಿರುವುದು ಉಪಗ್ರಹಗಳ ವಿಷಯ. ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ, ಒಂದು ಪೇರಲ ಗಿಡ, ಒಂದು ಬಟ್ಟೆ ಒಗೆಯುವ ಕಲ್ಲು ಇರುವ ಪುಟ್ಟ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಅವರು ದಿನಾ ಸಂಜೆ ಕಾಯುವುದು ಅವುಗಳಿಗೇ.

ತಪ್ಪು ನನ್ನದೇ. ಕಾಕಾ ಮೂವತ್ತನಾಲ್ಕು ವರ್ಷ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದವರು. ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವುದು, ಮೈಕಿನಲ್ಲಿ ಕೂಗುವುದು ಅವರ ಕೆಲಸ. ನಿವೃತ್ತರಾದ ಮೇಲೆ ಬರೆಯಲಿಕ್ಕೆ ಬಸ್ಸಿಲ್ಲದೆ ಮನೆಯವರ ಬೆನ್ನು ಹತ್ತಿದರು. ಕುಕ್ಕರಿನ ಸೀಟಿ ಬರೆದಿಟ್ಟರು. ಹಾಲಿನವನಿಗೆ ಹನ್ನೆರಡು ನಿಮಿಷ ತಡವಾಯಿತೆಂದು ಲಿಖಿತ ಕಾರಣ ಕೇಳಿದರು! ಅವನು ಮರುದಿನದಿಂದ ಹಾಲನ್ನು ನಮ್ಮ ಮನೆಯಲ್ಲಿ ಕೊಟ್ಟು ಹೋಗತೊಡಗಿದ. ಎರಡು ಓಣಿ ಆಚೆಗಿರುವ ನಾನು ಅದನ್ನು ಹೊತ್ತು ಸಾಕಾಗಿ, ಉಪಗ್ರಹ ಬರುವ ಹೊತ್ತು ತೋರಿಸುವ ಆ್ಯಪ್ ಒಂದನ್ನು ಕಾಕಾನ ಮೊಬೈಲಿಗೆ ಹಾಕಿಕೊಟ್ಟೆ.

ಮೊದಲನೇ ದಿನ ಬಾಹ್ಯಾಕಾಶ ನಿಲ್ದಾಣ ಏಳು ಗಂಟೆ ಹತ್ತು ನಿಮಿಷಕ್ಕೆ ಬರುವುದಿತ್ತು. ಕಾಕಾ ಆರಾಮಾಗಿ ಚಹಾ ಕುಡಿಯುತ್ತ ಒಳಗೇ ಕುಳಿತಿದ್ದರು.

"ಕಾಕಾ, ಲಗೂ ಬರ್ರಿ! ಬಂತು!" ಎಂದೆ.

"ಏಳು ಹತ್ತರದು ಏಳೂವರಿ ಮಟಾ ಬರಂಗಿಲ್ಲವಾ. ನನಗ ಕಲಿಸಬ್ಯಾಡ" ಎಂದು ಬಟ್ಟಲಲ್ಲಿ ಇನ್ನಷ್ಟು ಚಹಾ ಸುರುವಿಕೊಂಡರು.

ಅದು ಬಂತು, ಪೇರಲ ಗಿಡ ದಾಟಿತು, ಹೋಯಿತು. ಕಾಕಾ ಹೊರಗೆ ಬಂದಾಗ ಆಕಾಶ ಖಾಲಿ. ಅವತ್ತು ಅವರಿಗಾದ ಅಪಮಾನ ಅಷ್ಟಿಷ್ಟಲ್ಲ. "ಹೇಳಿದ ಟೈಮಿಗೆ ಬರೋದಂದ್ರ ಏನು ಪದ್ಧತಿ ಇದು? ಮಂದಿ ಚಹಾ ಕುಡೀಬಾರದೇನು?" ಎಂದು ಮೇಲೆ ನೋಡಿಕೊಂಡೇ ಬೈದರು. ಮರುದಿನದಿಂದ ಅರ್ಧ ತಾಸು ಮೊದಲೇ ಹಿತ್ತಲಲ್ಲಿ ಹಾಜರು!

ಎರಡು ಕುರ್ಚಿ. ಒಂದು ಅವರಿಗೆ, ಇನ್ನೊಂದು ಚಿಗವ್ವನಿಗೆ. ಚಿಗವ್ವ ಅಂದರೆ ಅವರ ಹೆಂಡತಿ. ಕಾಕಾನ ಕೈಯಲ್ಲಿ ಗೆರೆ ಹಾಕಿದ ದಪ್ಪ ವಹಿ. ಅದರಲ್ಲಿ ಮೂರು ಕಾಲಂ: ಬಂದ ವೇಳೆ, ಹೋದ ವೇಳೆ, ಷರಾ. ಹೊತ್ತಾಗುತ್ತಲೇ ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಕೂಗು ಹಾಕುವರು: "ಪ್ರಯಾಣಿಕರ ಗಮನಕ್ಕೆ! ಕಾರವಾರದ ಕಡೆಯಿಂದ ಬಂದು ಬಾಗಲಕೋಟೆಯ ಕಡೆ ಹೋಗುವ ಬಾಹ್ಯಾಕಾಶ ನಿಲ್ದಾಣವು ಇನ್ನೆರಡು ನಿಮಿಷಗಳಲ್ಲಿ ಪೇರಲ ಗಿಡದ ಮೇಲೆ ಬರಲಿದೆ!"

ಒಂದು ದಿನ ಪಕ್ಕದ ಮನೆಯ ಅಜ್ಜಿ ಕಂಪೌಂಡಿನ ಮೇಲೆ ಇಣುಕಿ ಕೇಳಿದಳು. "ಉಣಕಲ್ಲಿಗೆ ನಿಲ್ತೈತೇನ್ರಿ ಅದು?"

"ಇಲ್ರಿ ಅಮ್ಮಾರ, ನಾನ್‌ಸ್ಟಾಪ್ ಐತಿ" ಎಂದರು ಕಾಕಾ, ಮುಖದಲ್ಲಿ ಒಂದಿಷ್ಟೂ ನಗೆಯಿಲ್ಲದೆ. ಅಜ್ಜಿ ನಿರಾಸೆಯಿಂದ ಒಳಗೆ ಹೋದಳು.

ಇನ್ನು ಛತ್ರಿಯ ಕಥೆ. ಹಿತ್ತಲ ಗೋಡೆಗೆ ಹೊಂದಿಕೊಂಡು ಬೀದಿದೀಪದ ಕಂಬವಿದೆ. ಅದರ ಬೆಳಕು ನೇರ ಕಣ್ಣಿಗೆ ಹೊಡೆಯುತ್ತದೆ. ಕಾಕಾ ತಮ್ಮ ದೊಡ್ಡ ಕರೀ ಛತ್ರಿಯನ್ನು ಬಿಚ್ಚಿ, ಬಟ್ಟೆ ಒಣಗಿಸುವ ಗಳಕ್ಕೆ ಕಟ್ಟಿ, ದೀಪದ ಕಡೆ ವಾಲಿಸಿದರು. ಬಿರುಬೇಸಿಗೆಯ ಸಂಜೆ, ಗಂಡ ಹೆಂಡತಿ ಇಬ್ಬರೂ ಛತ್ರಿಯ ಕೆಳಗೆ! ಓಣಿಯಲ್ಲಿ ಹೋಗುವವರು ನಿಂತು ಕೈ ಚಾಚಿ ನೋಡುವರು. "ಮಳಿ ಎಲ್ಲೈತ್ರಿ?" ಎಂದು ಕೇಳುವರು. "ಮಳಿಗಲ್ರಿ, ಲೈಟಿಗೆ!" ಎನ್ನುವರು ಕಾಕಾ. ಕೇಳಿದವರು ಅವಸರದಿಂದ ಮುಂದೆ ಹೋಗುವರು.

ಒಮ್ಮೆ ವಹಿ ತಿರುವಿ ಹಾಕುತ್ತಿದ್ದೆ. ಪುಟ ಪುಟವೂ ಷರಾದಲ್ಲಿ ಒಂದೇ ಮಾತು, "ಕಂಡಿಲ್ಲ". ಹಿಂದಿನ ದಿನ ನಾನೇ ಅವರ ಪಕ್ಕದಲ್ಲಿ ನಿಂತು ಕಣ್ಣಾರೆ ನೋಡಿದ್ದೆ! ಕಂಟ್ರೋಲರ್ ಸಾಹೇಬರೇ ಸುಳ್ಳು ದಾಖಲೆ ಬರೆದರೆ ಹೇಗೆ ಎಂದು ಚುಡಾಯಿಸಿದೆ.

"ನಾವು ಕಂಡ್ರೇನಾತವಾ? ನಿಮ್ಮ ಚಿಗವ್ವ ಇನ್ನೂ ಕಂಡಿಲ್ಲಲ್ಲ" ಎಂದರು. ಆಮೇಲೆ ದನಿ ತಗ್ಗಿಸಿ, "ಮೂವತ್ತನಾಕು ವರ್ಷ ದೀಪಾ ಹಚ್ಚೋ ಹೊತ್ತಿಗೆ ನಾ ಮನ್ಯಾಗ ಇದ್ದಾಂವಲ್ಲ. ಆಕಿ ಒಬ್ಬಾಕಿನ ಇದ್ಲು. ಒಂದಾರ ಛಲೋದ್ದು ತೋರಸಬೇಕು ಆಕಿಗೆ" ಎಂದರು.

ಆದರೆ ಚಿಗವ್ವನಿಗೆ ತೋರಿಸುವುದೇನು ಸುಲಭವೇ? ಕಾಕಾ ತೋರುಬೆರಳು ಚಾಚಿ "ಅಲ್ಲಿ! ಅಲ್ಲಿ!" ಎಂದು ಕುಣಿಯುವರು. ಚಿಗವ್ವ ಶಾಂತವಾಗಿ ಬೆರಳನ್ನೇ ನೋಡುವಳು. "ಕಾಣ್ಲಿಲ್ರಿ" ಎನ್ನುವಳು. "ಇರ್ಲಿ, ನಾಳೆ ಕಾಣ್ತೈತಿ" ಎಂದು ಕಾಕಾ ಷರಾ ಬರೆಯುವರು. ಹೀಗೇ ಒಂದು ಬೇಸಿಗೆ, ಒಂದು ಚಳಿಗಾಲ ಕಳೆದವು.

ಕೊನೆಗೊಂದು ಸಂಜೆ ಚಿಗವ್ವನಿಗೇ ಗಂಡನ ಮೇಲೆ ಕನಿಕರ ಬಂದಿರಬೇಕು. ಕಾಕಾ ಕಾರವಾರದ ಕಡೆ ಬೆರಳು ಮಾಡಿ ಕೂಗುತ್ತಿದ್ದಾರೆ. ಅದೇ ಹೊತ್ತಿಗೆ ನಮ್ಮ ಬೆನ್ನ ಹಿಂದಿನಿಂದ ವಿಮಾನವೊಂದು ಗುಡುಗುಡು ಸದ್ದು ಮಾಡುತ್ತ ಬಂತು. ಚಿಗವ್ವ ಸರಕ್ಕನೆ ಆ ಕಡೆ ತಿರುಗಿ, ಕೈ ಮುಗಿದು, "ಕಂಡೇತ್ರಿ! ಭಾಳ ಛಲೋ ಐತಿ. ಆದ್ರ ಸಪ್ಪಳ ಜಾಸ್ತಿ" ಎಂದಳು.

ನಾನು ನಕ್ಕೆ. ಕಾಕಾ ನಗಲಿಲ್ಲ. ನಿಲ್ದಾಣವನ್ನು ಹಾಗೇ ಬಿಟ್ಟು ಬಂದು ಚಿಗವ್ವನ ಮುಂದೆ ವಹಿ ಹಿಡಿದರು.

"ಇದನ್ನ ಓದು."

"ಚಷ್ಮಾ ಇಲ್ರಿ."

"ಚಷ್ಮಾ ಮೂಗಿನ ಮ್ಯಾಲೈತಿ."

ಚಿಗವ್ವ ಚಷ್ಮಾ ತೆಗೆದಳು. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ನಿಧಾನವಾಗಿ ಹೇಳಿದಳು. "ಒಂದ ವರ್ಷ ಆತ್ರಿ. ಎಲ್ಲಾ ಮಸಕ ಮಸಕ ಕಾಣ್ತೈತಿ. ಹೇಳಿದ್ರ ನಾಳೇನ ದವಾಖಾನಿಗೆ ಎಳಕೊಂಡು ಹೋಗ್ತೀರಿ, ನನಗ ಹೆದರಿಕಿ. ಮತ್ತ... ಕಾಣ್ಲಿಲ್ಲ ಅಂದ್ರ ನಾಳೆ ಸಂಜೀಕೂ ಬಾಜೂಕ ಕುಂದರ್ತೀರಿ. ಕಂಡಿತು ಅಂದ್ರ ಮುಗದ ಹೋತಲ್ರಿ."

ನನಗಾಗ ಒಂದೊಂದೇ ಹೊಳೆಯತೊಡಗಿತು. ವರ್ಷದಿಂದ ಅವರ ಮನೆಯ ಅನ್ನದಲ್ಲಿ ಕಲ್ಲು ಬರುತ್ತಿದ್ದವು. ಅಕ್ಕಿ ಆರಿಸುವ ಕಣ್ಣಿನ ಮೇಲೆ ಕಾಕಾನಿಗೆ ಸಂಶಯವೇ ಬಂದಿರಲಿಲ್ಲ. ಅಂಗಡಿಯದೇ ತಪ್ಪೆಂದು ಮೂರು ಅಂಗಡಿ ಬದಲಿಸಿದ್ದರು, ಕಲ್ಲು ಕಟಕಟ ಕಡಿಯುತ್ತಲೇ! ಊರಿನ ಗಾಡಿಗಳನ್ನೆಲ್ಲ ಕಾದ ಮನುಷ್ಯನಿಗೆ ಪಕ್ಕದ ಕುರ್ಚಿ ಕಂಡಿರಲಿಲ್ಲ. ಅವತ್ತು ಅವರು ತಲೆ ತಗ್ಗಿಸಿ ಕುಳಿತದ್ದನ್ನು ನೋಡಿ ನನಗೆ ಬಹಳ ಕೆಟ್ಟೆನಿಸಿತು.

ಕಣ್ಣಿನ ಪೊರೆ ಎಂದರು ಡಾಕ್ಟರು. ಮೊದಲು ಒಂದು ಕಣ್ಣು, ತಿಂಗಳು ಬಿಟ್ಟು ಇನ್ನೊಂದು. ಅಷ್ಟು ದಿನವೂ ಕಾಕಾ ಹಿತ್ತಲಿಗೆ ಕಾಲಿಡಲಿಲ್ಲ. ಗಡಿಯಾರ ಹಿಡಿದು ಹೊತ್ತು ಹೊತ್ತಿಗೆ ಕಣ್ಣಿಗೆ ಔಷಧದ ಹನಿ ಬಿಟ್ಟರು. ಎಂಟಕ್ಕೆಂದರೆ ಎಂಟಕ್ಕೆ, ಒಂದು ನಿಮಿಷವೂ ಆಚೀಚೆ ಇಲ್ಲ. ಅಕ್ಕಿಯನ್ನೂ ಅವರೇ ಆರಿಸಿದರು. ಕಲ್ಲು ಮಾತ್ರ ಮೊದಲಿಗಿಂತ ಹೆಚ್ಚಾದವು!

ಡಾಕ್ಟರು ಕಪ್ಪು ಕನ್ನಡಕ ತೆಗೆಯಬಹುದು ಎಂದ ವಾರವೇ ನಿಲ್ದಾಣ ಬರುವುದಿತ್ತು. ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದರು. ಕುರ್ಚಿಗಳು ಬಂದವು, ಛತ್ರಿ ಗಳಕ್ಕೇರಿತು, ವಹಿ ತೊಡೆಯ ಮೇಲೆ ಕುಳಿತಿತು. ಅವರು ಎದ್ದು ನಿಂತು "ಪ್ರಯಾಣಿಕರ ಗಮನಕ್ಕೆ" ಎಂದರು. ಮುಂದಿನ ಮಾತು ಅಲ್ಲೇ ಬಿಟ್ಟು ಚಿಗವ್ವನ ಕಡೆ ತಿರುಗಿದರು.

"ಬಂತು, ಬಂತು! ಮ್ಯಾಲ ನೋಡು, ಗಿಡದ ಬಾಜೂಕ!" ಎಂದು ಚಿಗವ್ವನ ಭುಜ ಅಲುಗಿಸಿದರು.

ಚಿಗವ್ವ ಮೇಲೆ ನೋಡಲಿಲ್ಲ. ಅವರನ್ನೇ ನೋಡುತ್ತಿದ್ದಳು.

"ಏನ್ರಿ, ನಿಮ್ಮ ಹುಬ್ಬೂ ಬೆಳ್ಳಗಾಗ್ಯಾವಲ್ರಿ! ಯಾವಾಗ ಆದ್ವು?"

"ಏ, ಅದು ಹೊಂಟೈತಿ, ಮ್ಯಾಲ ನೋಡ!"

"ಹೋಗ್ಲಿ ಬಿಡ್ರಿ. ಮೊದಲ ಆ ಛತ್ರಿ ಮುಚ್ಚರಿ. ಮಾರಿ ಸರಿಯಾಗಿ ಕಾಣವಲ್ದು."

ಕಾಕಾ ಒಂದು ಕ್ಷಣ ಮೇಲೆ ನೋಡಿದರು, ಒಂದು ಕ್ಷಣ ಹೆಂಡತಿಯನ್ನು. ಆಮೇಲೆ ಗಳದ ಗಂಟು ಬಿಚ್ಚಿ ಛತ್ರಿ ಮುಚ್ಚಿಬಿಟ್ಟರು. ಬೀದಿದೀಪದ ಬೆಳಕು ಅವರ ಮುಖದ ಮೇಲೆಲ್ಲ ಬಿತ್ತು. ಆ ಬೆಳಕಿಗೆ ಕಣ್ಣು ಕುಕ್ಕಿ ನನಗೂ ಆಕಾಶದಲ್ಲಿ ಏನೂ ಕಾಣಲಿಲ್ಲ. ನಿಲ್ದಾಣ ತನ್ನ ಪಾಡಿಗೆ ಬಾಗಲಕೋಟೆಯ ಕಡೆ ಹೋಗಿರಬೇಕು.

ಚಿಗವ್ವ ಬಹಳ ಹೊತ್ತು ನೋಡಿದಳು. ಕಾಕಾ ಫೋಟೋ ತೆಗೆಸಿಕೊಳ್ಳುವವರ ಹಾಗೆ ಅಲುಗಾಡದೆ ಕುಳಿತಿದ್ದರು. ಆಮೇಲೆ ಕಾಕಾ ನನ್ನಿಂದ ಪೆನ್ನು ಇಸಿದುಕೊಂಡು, ವಹಿ ತೆರೆದು, ಷರಾದಲ್ಲಿ ಮೊದಲ ಸಲ ಬರೆದರು: "ಕಂಡಿತು."