ಮ್ಯಾನೇಜರ್ ಕನಕಪ್ಪನ ಕುರ್ಚಿ

ಗೋಲ್‌ಕೀಪರ್ ಸೀನಿದ, ಕನಕಪ್ಪನ ಕುರ್ಚಿ ಅಲುಗಾಡಿತು.

ಬ್ಯಾಡಗಿಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಕನಕಪ್ಪ ಊರ ಫುಟ್‌ಬಾಲ್ ತಂಡದ ಮ್ಯಾನೇಜರೂ ಆಗಿದ್ದ. ವಿಲಾಯತಿ ಮ್ಯಾಚುಗಳನ್ನು ಟೀವಿಯಲ್ಲಿ ನೋಡಿ ನೋಡಿ ಅವನಿಗೆ ಆಟದ ಮರ್ಮವೆಲ್ಲ ತಿಳಿದಿದೆ ಎಂದು ಸಂಘದವರು ನಂಬಿದ್ದರು. ಅವನೂ ನಂಬಿದ್ದ. ಮೊದಲು 'ಮಶೀನ್ ಕನಕಪ್ಪ' ಎನ್ನುತ್ತಿದ್ದ ಓಣಿ ಈಗ 'ಮ್ಯಾನೇಜರ್ ಸಾಹೇಬ್ರು' ಎನ್ನುತ್ತಿತ್ತು. ಹೆಂಡತಿ ಮಹೇಶ್ವರಿಯೂ ಬೀಗರ ಮುಂದೆ ಹಾಗೆಯೇ ಕರೆಯುತ್ತಿದ್ದಳು. ಆ ಒಂದು ಮಾತಿನ ಮೇಲೆ ಅವನ ಜೀವ.

ಈ ವರ್ಷ ಅವನು ಹೊರಗಿನಿಂದ ಇಬ್ಬರು ಆಟಗಾರರನ್ನು ತಂದಿದ್ದ. ಹಲಗೇರಿಯ ಚೇತನಕುಮಾರ ಹಗ್ಗ ಬಿಚ್ಚಿದ ಕರುವಿನಂತೆ ಓಡುತ್ತಿದ್ದ. ಚೆಂಡು ಮಾತ್ರ ಹಿಂದೆಯೇ ಉಳಿಯುತ್ತಿತ್ತು. ಹಾವೇರಿಯ ವಿಜಯಮಹಾಂತೇಶ ಗೋಲ್‌ಕೀಪರ್. ವಾಡೆಯ ಬಾಗಿಲಿನಷ್ಟು ಅಗಲ. ರವಿವಾರ ಪ್ರತಿವರ್ಷದ ಕಪ್ಪಿಗಾಗಿ ರಾಣೆಬೆನ್ನೂರಿನ ಮೇಲೆ ಆಟ ಸರಿಸಮ ನಡೆದು ಇನ್ನೇನು ಮುಗಿಯಬೇಕು, ಅಷ್ಟರಲ್ಲಿ ಮಾರುಕಟ್ಟೆಯ ಕಡೆಯಿಂದ ಗಾಳಿ ಬೀಸಿತು. ಮೆಣಸಿನಕಾಯಿಯ ಘಾಟು ಬ್ಯಾಡಗಿಯ ಮೂಗುಗಳಿಗೆ ರೂಢಿ, ಹಾವೇರಿಯ ಮೂಗಿಗೆ ಅಲ್ಲ. ವಿಜಯಮಹಾಂತೇಶ ಕಣ್ಣುಮುಚ್ಚಿ ಸೀನುವಷ್ಟರಲ್ಲಿ ಚೆಂಡು ಅವನ ಕಾಲಸಂದಿಯಲ್ಲಿ ಬೆಕ್ಕಿನಂತೆ ನುಸುಳಿ ಗೋಲಿನೊಳಗೆ ಹೋಗಿ ಕುಳಿತಿತು.

ಮರುದಿನ ಮುಂಜಾನೆ ಕನಕಪ್ಪ ಹಲ್ಲುಜ್ಜಲು ಹೊರಗೆ ಬಂದರೆ ಎದುರುಮನೆಯ ದುರಗವ್ವ ಕಾದೇ ನಿಂತಿದ್ದಳು. ಆಕೆ ಹುಟ್ಟಿದಾಗಿನಿಂದ ಒಂದೂ ಮ್ಯಾಚು ನೋಡಿದವಳಲ್ಲ.

"ಅಲ್ಲೋ ಕನಕಪ್ಪ, ಹಾವೇರಿಯಿಂದ ಮೂಗು ಯಾಕ ತಂದ್ಯೋ? ನಮ್ಮೂರಾಗ ಮೂಗು ಇರಲಿಲ್ಲೇನು?" ಎಂದು ಕೇಳಿದಳು.

ಬಾಯ ತುಂಬ ನೊರೆಯಿದ್ದುದರಿಂದ ಅವನು ಉತ್ತರ ಕೊಡದೆ ಪಾರಾದ. ಆದರೆ ಒಳಗೆ ಫೋನು ಬಡಿದುಕೊಳ್ಳುತ್ತಿತ್ತು. ಸಂಘದ ಅಧ್ಯಕ್ಷ ಗೋಣೆಪ್ಪ ಸಂಜೆ ಸಭೆ ಕರೆದಿದ್ದ. ಮ್ಯಾನೇಜರು ಇರಬೇಕೋ ಹೋಗಬೇಕೋ ಎಂಬುದು ವಿಷಯ; ಮ್ಯಾನೇಜರು ತಪ್ಪದೇ ಬರಬೇಕು. ಅವರು ತೆಗೆಯುವ ಮೊದಲು ತಾನೇ ಬಿಟ್ಟರೆ ಮರ್ಯಾದೆಯಾದರೂ ಉಳಿದೀತು ಎಂದು ಮಹೇಶ್ವರಿ ಸೂಚಿಸಿದಳು. ಕನಕಪ್ಪನಿಗೆ ಮೂರನೆಯ ದಾರಿ ಹೊಳೆಯಿತು. ಟವೆಲ್ಲನ್ನು ತಲೆಯ ಮೇಲಿಂದ ಎಳೆದುಕೊಂಡು, ಹಾವೇರಿಯ ಅಕ್ಕನ ಮನೆಗೆ ಹೋಗುವ ಬಸ್ಸು ಹತ್ತಿದ.

ಕಂಡಕ್ಟರ್ ಹಾಜಿರಾಬಿ ಟಿಕೆಟ್ ಹರಿಯುತ್ತ ಟವೆಲ್ಲಿನೊಳಗೆ ಇಣುಕಿದಳು.

"ಏನ್ರೀ ಮ್ಯಾನೇಜರ್ ಸಾಹೇಬ್ರ, ಹಾವೇರಿಯಿಂದ ಇನ್ನೊಬ್ಬನ್ನ ತರಾಕ ಹೊಂಟೀರೇನು?"

ಅಷ್ಟೇ ಸಾಕಾಯಿತು. ಬಸ್ಸು ಎರಡು ಪಕ್ಷವಾಯಿತು. ಮುಂದಿನ ಸೀಟುಗಳು ತಪ್ಪು ಸೀನಿದವನದು ಎಂದವು, ಹಿಂದಿನ ಸೀಟುಗಳು ಅವನನ್ನು ತಂದವನದು ಎಂದವು. ಒಬ್ಬ ಮುದುಕ ಇಂಥವರ ಮೇಲೆ ಅವಿಶ್ವಾಸ ಮಂಡಿಸಬೇಕು ಎಂದ. ಇದು ಪಂಚಾಯಿತಿಯಲ್ಲ, ಚೆಂಡಾಟ ಎಂದು ಪಕ್ಕದವರು ತಿಳಿಸಿದರು. ಆದರೂ ಮಂಡಿಸಬೇಕು ಎಂದ. ಇನ್ನೊಬ್ಬ ತನ್ನ ಅಳಿಯನನ್ನು ಗೋಲಿಗೆ ನಿಲ್ಲಿಸುವುದಾದರೆ ನಾಳೆಯೇ ಕಳಿಸುವುದಾಗಿ ಹೇಳಿದ. ಅಳಿಯ ಮನೆಯಲ್ಲಿ ಸುಮ್ಮನೆ ನಿಂತೇ ಇರುತ್ತಾನಂತೆ. ಕಿಟಕಿಯ ಬಳಿ ಮೆಣಸಿನಕಾಯಿಯ ಚೀಲ ಇಟ್ಟುಕೊಂಡಿದ್ದ ಬೀರವ್ವನ ವಾದವೇ ಬೇರೆ. ಆಟಗಾರರನ್ನು ಆರಿಸುವಾಗ ಕಾಲು ನೋಡಬಾರದು, ಮೂಗು ನೋಡಬೇಕು. ಹೇಗೆ ನೋಡಬೇಕೆಂದು ತೋರಿಸಲು ಆಕೆ ಚೀಲದ ಬಾಯಿ ಬಿಚ್ಚಿ ಜೋರಾಗಿ ಒಮ್ಮೆ ಕೊಡವಿದಳು.

ಬ್ಯಾಡಗಿಯ ಮೂಗುಗಳೂ ಅಂದು ಸೋತವು. ಮುದುಕ ಸೀನಿದ, ಮುಂದಿನ ಸೀಟು ಸೀನಿತು, ಹಿಂದಿನ ಸೀಟು ಸೀನಿತು, ಕೊನೆಗೆ ಡ್ರೈವರನೂ ಸೀನಿ ಮೋಟೆಬೆನ್ನೂರಿನ ಹತ್ತಿರ ಬಸ್ಸನ್ನು ಬದಿಗೆ ನಿಲ್ಲಿಸಿದ. ಎಲ್ಲರೂ ಕಣ್ಣೀರು ಸುರಿಸುತ್ತ ಇಳಿದರು. ಯಾರದೋ ಸಾವಿಗೆ ಬಂದವರಿರಬೇಕೆಂದು ದಾರಿಹೋಕರು ಚಪ್ಪಲಿ ಬಿಟ್ಟು ನಿಂತರು. ಬೀರವ್ವನನ್ನು ಒಬ್ಬರೂ ಏನೂ ಅನ್ನಲಿಲ್ಲ. ಎರಡೂ ಪಕ್ಷಗಳು ಒಂದಾಗಿ, ಇದಕ್ಕೆಲ್ಲ ಮ್ಯಾನೇಜರೇ ಕಾರಣ ಎಂದು ತೀರ್ಮಾನಿಸಿದವು. ಹಾಜಿರಾಬಿ ಎದುರಿಗೆ ಬಂದ ಬ್ಯಾಡಗಿಯ ಬಸ್ಸಿಗೆ ಕೈಮಾಡಿ, ಕನಕಪ್ಪನನ್ನು ತಾನೇ ಹತ್ತಿಸಿ ಕಳಿಸಿದಳು.

ಹೀಗಾಗಿ ಸಂಜೆ ಅವನು ಸಭೆಯಲ್ಲಿದ್ದ. ಅಂದು ಮಾರುಕಟ್ಟೆಯ ದಿನ. ಬೇವಿನ ಮರದ ಕೆಳಗೆ ಊರವರೆಷ್ಟೋ ಬೇರೆ ಊರವರೂ ಅಷ್ಟೇ ಕುಳಿತಿದ್ದರು. ಒಬ್ಬೊಬ್ಬರಾಗಿ ಎದ್ದು ಬೈದರು. ಚೇತನಕುಮಾರನನ್ನು ಓಟದ ಪಂದ್ಯಕ್ಕೆ ಕಳಿಸಬೇಕೆಂದರು, ವಿಜಯಮಹಾಂತೇಶನನ್ನು ಹಾವೇರಿಗೆ ಕಳಿಸಬೇಕೆಂದರು, ಕನಕಪ್ಪನನ್ನು ಮನೆಗೆ ಕಳಿಸಬೇಕೆಂದರು. ಮಹೇಶ್ವರಿ ಹೆಂಗಸರ ನಡುವೆ ತಲೆತಗ್ಗಿಸಿ ಕುಳಿತಿದ್ದಳು. ಅದನ್ನು ನೋಡಲಾರದೆ ಕನಕಪ್ಪ ರಾಜೀನಾಮೆ ಕೊಡಲು ಅರ್ಧ ಎದ್ದಿದ್ದ.

ಆಗ ಹಿಂದಿನಿಂದ ದಪ್ಪ ಮೀಸೆಯವನೊಬ್ಬ ಎದ್ದು ನಿಂತ. ಅವನ ಜೊತೆ ಏಳೆಂಟು ಜನರಿದ್ದರು.

"ಗಿಡ ಹಚ್ಚಿದ ಮರುದಿನಾನ ಕಾಯಿ ಕೇಳಿದ್ರ ಹೆಂಗ್ರಿ?" ಎಂದ ಮೀಸೆಯವನು. "ಆ ಗೋಲ್‌ಕೀಪರ್ ಇರಲಿ. ಆ ಓಡೋ ಹುಡುಗನೂ ಇರಲಿ. ಈ ಮ್ಯಾನೇಜರನ್ನಂತೂ ಯಾವ ಕಾಲಕ್ಕೂ ಕೈಬಿಡಬ್ಯಾಡ್ರಿ. ಇಂಥವ್ರು ಹುಡುಕಿದ್ರೂ ಸಿಗೂದಿಲ್ಲ."

ಜೊತೆಯವರು ಚಪ್ಪಾಳೆ ತಟ್ಟಿ ಕನಕಪ್ಪನ ಹೆಸರು ಕೂಗಿದರು. ಚಪ್ಪಾಳೆ ಆಕಳಿಕೆಯಿದ್ದಂತೆ, ಪಕ್ಕದವನಿಗೆ ಹತ್ತುತ್ತದೆ. ಆಗಲೇ ಬೈದು ಕುಳಿತವರೂ ತಟ್ಟಿದರು. ಸದ್ದು ಎತ್ತ ಹೆಚ್ಚೋ ಅತ್ತ ವಾಲುವ ಗೋಣೆಪ್ಪ, ಇನ್ನೂ ಮೂರು ವರ್ಷ ಕನಕಪ್ಪನೇ ಮ್ಯಾನೇಜರ್ ಎಂದು ಸಾರಿ, ನಡುವೆ ಬಿಟ್ಟು ಹೋಗುವುದಿಲ್ಲವೆಂದು ಮೈಲಾರಲಿಂಗನ ಮೇಲೆ ಆಣೆ ಮಾಡಿಸಿದ. ಕನಕಪ್ಪ ಅಳುತ್ತ ಆಣೆ ಮಾಡಿದ. ಮೀಸೆಯವನು ಚೆಂಡುಹೂವಿನ ಹಾರ ತಂದಿದ್ದ. ಅದನ್ನು ಕೊರಳಿಗೆ ಹಾಕಿ ಅಪ್ಪಿಕೊಂಡ.

ಇಷ್ಟು ಮಾಡಿದವರನ್ನು ಹಾಗೇ ಕಳಿಸುವುದುಂಟೇ? ಗಂಡಹೆಂಡತಿ ಅವರಿಗೆ ಚಹಾ ಕುಡಿಸಿ, ಮಿರ್ಚಿ ಭಜಿ ತಿನ್ನಿಸಿದರು. ಅವರು ಬಂದಿದ್ದ ಟೆಂಪೋದವರೆಗೆ ಕನಕಪ್ಪ ತಾನೊಬ್ಬನೇ ಹೋಗಿ, ಎಲ್ಲರನ್ನೂ ಕೈಹಿಡಿದು ಹತ್ತಿಸಿದ.

"ಅಣ್ಣಾರ, ಊರವ್ರೇ ಕೈಬಿಟ್ಟಾಗ ನೀವು ಕೈ ಹಿಡಿದ್ರಿ. ಯಾವ ಊರವ್ರು ನೀವು? ನೋಡಿದ್ಹಂಗ ಇಲ್ಲಲ್ಲ," ಎಂದ.

ಟೆಂಪೋ ಹೊರಟಿತ್ತು. ಮೀಸೆಯವನು ಹೊರಗೆ ತಲೆ ಹಾಕಿ ಕೈ ಮುಗಿದ.

"ನಾವು ರಾಣೆಬೆನ್ನೂರಿನವ್ರರೀ, ಅಲ್ಲಿ ಫುಟ್‌ಬಾಲ್ ಸಂಘದವ್ರು. ನಿಮ್ಮನ್ನ ತಗೀತಾರಂತ ಸುದ್ದಿ ಕೇಳಿ ಊಟಾನೂ ಸೇರಲಿಲ್ಲ ನೋಡ್ರಿ. ನೀವು ಇರೂತನಕ ನಮಗ ಕಪ್ಪಿನ ಚಿಂತಿ ಇಲ್ಲ."

ಕನಕಪ್ಪ ಹಾರ ಹಾಕಿಕೊಂಡು ರಸ್ತೆಯ ನಡುವೆ ನಿಂತೇ ಇದ್ದ. ಮಹೇಶ್ವರಿ ಹಿಂದಿನಿಂದ ಬಂದು, ಎಂಥ ದೇವರಂಥ ಜನ, ಯಾರಂತೆ ಅವರು ಎಂದು ಕೇಳಿದಳು.

"ನನ್ನ ಅಭಿಮಾನಿಗಳು," ಎಂದ ಕನಕಪ್ಪ.